ತಿಂಗಳಿಗೆ ಎಷ್ಟು ಕೊಡ್ತಾರೆ? ನಂಜನಗೂಡಿನ ವಕೀಲರ ಮಗಳು ಓದಿದ ದುಡ್ಡಿನ ಕಥೆ

ಕಳೆದ ತಿಂಗಳು ರೇಷ್ಮೆ ಗೂಡಿನ ರೇಟಿನ ಸುದ್ದಿ ಮಾಡಲು ಪಕ್ಕದ ಊರಿಗೆ ಹೋಗಿದ್ದೆವು. ಹುಳು ನಾಲ್ಕನೇ ಜ್ವರ ಎದ್ದಿದ್ದವು. ಮನೆಯವರೆಲ್ಲ ಸೊಪ್ಪು ಹಾಕುವ ಗಡಿಬಿಡಿಯಲ್ಲಿದ್ದರು. ತಟ್ಟೆಯಿಂದ ತಟ್ಟೆಗೆ ಸೊಪ್ಪು ಉದುರಿಸುತ್ತಿದ್ದ ಹುಡುಗಿ ಎಂಎಸ್ಸಿ ಬಾಟನಿ ಮುಗಿಸಿದವಳು ಅಂತ ಆಮೇಲೆ ಗೊತ್ತಾಯಿತು.

ಅವಳಪ್ಪ ಗೂಡಿನ ರೇಟಿನ ಮಾತು ಮುಗಿಸಿ ಬೇರೆ ವಿಷಯಕ್ಕೆ ಬಂದರು. "ಇವ್ಳು ಇನ್ನೂ ಓದ್ತೀನಿ ಅಂತಾಳೆ ಸಾರ್. ಪಿಎಚ್‌ಡಿ ಅಂತೆ. ಓದ್ಲಿ, ಬೇಡ ಅಂದೋರು ಯಾರು? ಆದ್ರೆ ತಿಂಗಳಿಗೆ ಎಷ್ಟು ಕೊಡ್ತಾರೆ ಅಂತ ಕೇಳಿದ್ರೆ ಬಾಯೇ ಬಿಡಲ್ಲ."

ಹುಡುಗಿ ಬಾಯಿ ಬಿಡದ್ದಕ್ಕೆ ಕಾರಣವಿತ್ತು. 2024ರಿಂದ ನೆಟ್ ಪರೀಕ್ಷೆಯ ಫಲಿತಾಂಶಕ್ಕೆ ಮೂರು ಮೆಟ್ಟಿಲು. ಮೇಲಿನ ಮೆಟ್ಟಿಲಲ್ಲಿ ನಿಂತವರಿಗೆ ಜೆಆರ್‌ಎಫ್, ಅಂದರೆ ಸಂಶೋಧನೆ ಮಾಡಲು ತಿಂಗಳ ಫೆಲೋಶಿಪ್. ನಡುವಿನವರು ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ಅರ್ಹರು, ಪಿಎಚ್‌ಡಿಗೂ ಅರ್ಹರು. ಕೊನೆಯವರು ಪಿಎಚ್‌ಡಿ ಪ್ರವೇಶಕ್ಕೆ ಮಾತ್ರ. ಇವಳಿಗೆ ಸಿಕ್ಕಿದ್ದು ಕೊನೆಯದು. ಓದಲು ಅರ್ಹಳು, ಆದರೆ ಆ ಫಲಿತಾಂಶದಿಂದ ತಿಂಗಳಿಗೆ ಬರುವುದು ಸೊನ್ನೆ. ಇದನ್ನು ಅಪ್ಪನಿಗೆ ಹೇಗೆ ಹೇಳುವುದು?

ಅಪ್ಪನ ಪ್ರಶ್ನೆಯನ್ನು ದಯವಿಟ್ಟು ದುರಾಸೆ ಅಂದುಕೊಳ್ಳಬೇಡಿ. ಹೆಣ್ಣುಮಕ್ಕಳು ದೊಡ್ಡ ಓದು ಓದಲು ಹೊರಟಾಗಲೆಲ್ಲ ಈ ಪ್ರಶ್ನೆ ಎದ್ದಿದೆ. ನೂರು ವರ್ಷದ ಹಿಂದೆ ಅದಕ್ಕೆ ಸಿಕ್ಕ ಒಂದು ಉತ್ತರ ಅಮೆರಿಕದಿಂದ ಬಂದಿತ್ತು. ಆ ಉತ್ತರದಿಂದ ಓದಿದವರಲ್ಲಿ ಒಬ್ಬರು ನಮ್ಮ ಕಡೆಯವರೇ, ನಂಜನಗೂಡಿನಲ್ಲಿ ವಕೀಲರಾಗಿದ್ದವರ ಮಗಳು. ಅವತ್ತು ಹುಳು ಮನೆಯ ಬಾಗಿಲಲ್ಲಿ ಕೂತು ಹೇಳಿದ ಆ ಕಥೆಯನ್ನು ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇವೆ.

ಅಮೆರಿಕದಲ್ಲಿ ಮಿಷಿಗನ್ ಅಂತ ಒಂದು ರಾಜ್ಯ. ಅಲ್ಲಿನ ಆನ್ ಆರ್ಬರ್ ಎಂಬ ಊರಲ್ಲಿ ಮಿಷಿಗನ್ ವಿಶ್ವವಿದ್ಯಾಲಯ ಇದೆ. 1870ರಲ್ಲಿ ಅದು ಹೆಣ್ಣುಮಕ್ಕಳನ್ನು ಸೇರಿಸಿಕೊಳ್ಳಲು ಶುರುಮಾಡಿತು. ಚೀನಾದಿಂದ ಇಬ್ಬರು ಹುಡುಗಿಯರು ಅಲ್ಲಿಗೆ ಬಂದು ಡಾಕ್ಟರಿಕೆ ಓದಿ 1896ರಲ್ಲಿ ಪಾಸಾದರು. ಒಬ್ಬರು ಶಿ ಮೇಯು, ಇನ್ನೊಬ್ಬರು ಕಾಂಗ್ ಚೆಂಗ್. ಅಮೆರಿಕದವರ ಬಾಯಲ್ಲಿ ಮೇರಿ ಸ್ಟೋನ್, ಐಡಾ ಕಾನ್. ಇಬ್ಬರೂ ಊರಿಗೆ ವಾಪಸಾಗಿ ಆಸ್ಪತ್ರೆ ನಡೆಸಿದರು. ಜಪಾನಿನ ತೊಮೊ ಇನೊಯೆ ಕೂಡ ಅದೇ ವಿಶ್ವವಿದ್ಯಾಲಯದಲ್ಲಿ ಓದಿ ಡಾಕ್ಟರಾದವರು.

ಆ ವಿಶ್ವವಿದ್ಯಾಲಯದ ಆಡಳಿತ ಮಂಡಳಿಯಲ್ಲಿ ಹಲವು ವರ್ಷ ಇದ್ದವರು ಲೆವಿ ಬಾರ್ಬೋರ್. ಡೆಟ್ರಾಯಿಟ್ ಊರಿನ ವಕೀಲರು. ಮುದಿ ವಯಸ್ಸಿನಲ್ಲಿ ಏಷ್ಯಾ ಸುತ್ತಲು ಹೊರಟಾಗ ಈ ಡಾಕ್ಟರಮ್ಮಂದಿರ ಕೆಲಸವನ್ನು ಕಣ್ಣಾರೆ ಕಂಡರು. ಹೀಗೆ ಇನ್ನಷ್ಟು ಹೆಣ್ಣುಮಕ್ಕಳು ಬಂದು ಓದಿ ಹೋದರೆ ಅವರ ದೇಶಕ್ಕೆ ಎಷ್ಟು ಅನುಕೂಲ ಅಂತ ಅವರಿಗೆ ಅನಿಸಿತು. 1917ರಲ್ಲಿ ತಮ್ಮ ದುಡ್ಡು ಇಟ್ಟು ಒಂದು ವಿದ್ಯಾರ್ಥಿವೇತನ ಸ್ಥಾಪಿಸಿದರು. ಅದೇ ಬಾರ್ಬೋರ್ ಸ್ಕಾಲರ್‌ಶಿಪ್. ಟರ್ಕಿಯಿಂದ ಜಪಾನಿನವರೆಗೆ, ಅಂದರೆ ಏಷ್ಯಾದ ಹೆಣ್ಣುಮಕ್ಕಳಿಗೆ ಮಾತ್ರ. ಓದಿಕೊಂಡು ಊರಿಗೆ ಹೋಗಬೇಕು, ಕಲಿತದ್ದರಲ್ಲಿ ಒಳ್ಳೆಯದನ್ನು ತಮ್ಮ ಜನರಿಗೆ ಹಂಚಬೇಕು ಎಂಬುದು ದಾನಿಯ ಆಸೆ.

ನಾವೇನೂ ಆ ಮನುಷ್ಯನನ್ನು ದೇವರು ಮಾಡುತ್ತಿಲ್ಲ. 'ಪೂರ್ವದ ಹುಡುಗಿಯರು' ಏನೂ ಇಲ್ಲದವರು, ಬೆಳಕು ಪಶ್ಚಿಮದಿಂದಲೇ ಬರಬೇಕು ಎಂಬ ಧಾಟಿ ಆ ಯೋಜನೆಯ ಹೆಸರಲ್ಲೇ ಇತ್ತು. ಆದರೂ ಒಂದು ಮಾತು ಒಪ್ಪಬೇಕು. ಆ ದುಡ್ಡು ಹುಡುಗಿಯ ಹೆಸರಿಗೇ ಬರುತ್ತಿತ್ತು. ಅಪ್ಪ, ಅಣ್ಣ, ಗಂಡ, ಯಾರ ಕೈಗೂ ಅಲ್ಲ. 1917ರ ಕಾಲದಲ್ಲಿ ಇದು ಸಣ್ಣ ವಿಷಯವಲ್ಲ. ಈ ಸ್ಕಾಲರ್‌ಶಿಪ್ಪಿನಲ್ಲಿ ಓದಿದ ಚೀನಾದ ವು ಯಿಫಾಂಗ್ 1928ರಲ್ಲಿ ಡಾಕ್ಟರೇಟ್ ಮುಗಿಸಿ ಊರಿಗೆ ಹೋಗಿ ನಾನ್‌ಜಿಂಗಿನ ಮಹಿಳಾ ಕಾಲೇಜಿಗೆ ಮುಖ್ಯಸ್ಥೆಯಾದರು. 1945ರಲ್ಲಿ ವಿಶ್ವಸಂಸ್ಥೆಯ ಸನ್ನದಿಗೆ ಚೀನಾದ ಪರವಾಗಿ ಸಹಿ ಹಾಕಿದವರಲ್ಲಿ ಅವರೂ ಒಬ್ಬರು.

ನಮ್ಮ ದೇಶದಿಂದ ಹೋದವರಲ್ಲಿ ಜಾನಕಿ ಅಮ್ಮಾಳ್ ದೊಡ್ಡ ಹೆಸರು. ಕೇರಳದ ತಲಶ್ಶೇರಿಯವರು, 1897ರಲ್ಲಿ ಹುಟ್ಟಿದವರು. ತಂದೆ ನ್ಯಾಯಾಧೀಶರು, ಗಿಡ ಮರ ಹಕ್ಕಿಗಳ ಹುಚ್ಚಿನವರು. ಮನೆ ತುಂಬ ಮಕ್ಕಳು. ಅಕ್ಕತಂಗಿಯರಿಗೆ ಒಂದೊಂದಾಗಿ ಮದುವೆಯಾಯಿತು. ಜಾನಕಿ ಮದ್ರಾಸಿನಲ್ಲಿ ಓದಿ ಅಲ್ಲೇ ಮಹಿಳಾ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದರು. ಅವರಿಗೂ ಸಂಬಂಧದಲ್ಲೇ ಗಂಡು ಗೊತ್ತುಮಾಡುವ ಮಾತು ನಡೆದಿತ್ತು. ಅಷ್ಟರಲ್ಲಿ ಮಿಷಿಗನ್‌ನಿಂದ ಬಾರ್ಬೋರ್ ಸ್ಕಾಲರ್‌ಶಿಪ್ ಬಂತು. ಜಾನಕಿ ಹಡಗು ಹತ್ತಿದರು. ಅದು 1924.

ಆ ಸ್ಕಾಲರ್‌ಶಿಪ್ ಬರದೇ ಇದ್ದಿದ್ದರೆ ಅವರು ಮದುವೆ ಬೇಡ ಅನ್ನುತ್ತಿರಲಿಲ್ಲ ಅಂತ ಹೇಳಲಾಗದು. ಗಟ್ಟಿ ಹೆಂಗಸು. ಆದರೆ ಬರೀ 'ಬೇಡ' ಅನ್ನುವುದಕ್ಕೂ, ಕಾಗದ ಕೈಯಲ್ಲಿ ಹಿಡಿದು 'ನನಗೆ ಓದಲು ಕರೆ ಬಂದಿದೆ, ಖರ್ಚು ಅವರದ್ದು' ಅನ್ನುವುದಕ್ಕೂ ಮನೆಯೊಳಗೆ ಎಷ್ಟು ವ್ಯತ್ಯಾಸ ಅಂತ ಇದನ್ನು ಓದುತ್ತಿರುವ ಹೆಣ್ಣುಮಕ್ಕಳಿಗೆ ನಾವು ಹೇಳಬೇಕಾಗಿಲ್ಲ.

ಸ್ನಾತಕೋತ್ತರ ಪದವಿ ಮುಗಿಸಿ ಬಂದು ಮತ್ತೆ ಮದ್ರಾಸಿನಲ್ಲಿ ಪಾಠ ಮಾಡಿದರು. ಮತ್ತೆ ಬಾರ್ಬೋರ್ ದುಡ್ಡಿನಲ್ಲೇ ಹೋಗಿ 1931ರಲ್ಲಿ ಡಾಕ್ಟರೇಟ್ ಪಡೆದರು. ಆಮೇಲೆ ಕೊಯಮತ್ತೂರಿನ ಕಬ್ಬು ತಳಿ ಸಂಸ್ಥೆಗೆ ಬಂದರು. ಮಂಡ್ಯದ ಕಡೆಯ ರೈತರು 'ಕೋ 62175', 'ಕೋ 86032' ಅಂತ ಕಬ್ಬಿನ ತಳಿ ಹೆಸರು ಹೇಳುತ್ತಾರಲ್ಲ, ಆ 'ಕೋ' ಎಂದರೆ ಕೊಯಮತ್ತೂರು. ಈ ಎರಡು ತಳಿ ಜಾನಕಿಯವರ ಕಾಲದವಲ್ಲ, ತುಂಬ ಆಮೇಲಿನವು. ಆದರೆ ಅದೇ ಸಂಸ್ಥೆಯಲ್ಲಿ ಕಬ್ಬಿನ ಜೊತೆ ಕಾಡು ಹುಲ್ಲು, ಜೋಳದ ಜಾತಿಯ ಗಿಡ, ಕೊನೆಗೆ ಬಿದಿರನ್ನೂ ಕೂಡಿಸಿ ಕಬ್ಬಿನ ವಂಶ ಎಲ್ಲೆಲ್ಲಿ ಚಾಚಿದೆ ಅಂತ ಹುಡುಕಿದವರು ಅವರು. ಅಲ್ಲಿ ಅವರು ಒಂಟಿ ಹೆಣ್ಣು. ಜಾತಿಯ ಕಾರಣಕ್ಕೂ ಕಿರಿಕಿರಿ ಅನುಭವಿಸಿದರು. 1940ರ ಹೊತ್ತಿಗೆ ಇಂಗ್ಲೆಂಡಿಗೆ ಹೋದರು. ಬಾಂಬು ಬೀಳುತ್ತಿದ್ದ ಕಾಲದಲ್ಲೂ ಅಲ್ಲಿ ಕೆಲಸ ಮಾಡಿದರು. ಸ್ವಾತಂತ್ರ್ಯ ಬಂದ ಮೇಲೆ ನೆಹರೂ ಕರೆದರು ಅಂತ ವಾಪಸ್ ಬಂದರು. 1977ರಲ್ಲಿ ಪದ್ಮಶ್ರೀ ಬಂತು. ಗಿಡಗಳ ಲೆಕ್ಕದಲ್ಲೇ ಬದುಕು ಕಳೆದ ಅವರು ತೀರಿಕೊಂಡದ್ದು 1984ರಲ್ಲಿ.

ಅಮೆರಿಕ ದೂರವಾಯಿತು. ಅದೇ ಕಾಲದಲ್ಲಿ ನಮ್ಮ ಬೆಂಗಳೂರಿನ ಬಾಗಿಲು ಹೇಗಿತ್ತು?

1933ರಲ್ಲಿ ಮುಂಬೈಯಿಂದ ಕಮಲಾ ಭಾಗ್ವತ್ ಎಂಬ ಹುಡುಗಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಅರ್ಜಿ ಹಾಕಿದಳು. ನಮ್ಮವರು ಟಾಟಾ ಇನ್‌ಸ್ಟಿಟ್ಯೂಟ್ ಅನ್ನುತ್ತಾರಲ್ಲ, ಅದೇ. ಅವಳ ಅಪ್ಪ, ದೊಡ್ಡಪ್ಪ ಅಲ್ಲೇ ಓದಿದ್ದವರು. ಪದವಿಯಲ್ಲಿ ಒಳ್ಳೆಯ ಅಂಕವೂ ಇತ್ತು. ಆಗ ಸಂಸ್ಥೆಯ ನಿರ್ದೇಶಕರು ನೊಬೆಲ್ ಪ್ರಶಸ್ತಿ ಪಡೆದಿದ್ದ ಸಿ.ವಿ. ರಾಮನ್. ಹೆಣ್ಣು ಎಂಬ ಕಾರಣಕ್ಕೆ ಅವರು ಅರ್ಜಿ ತಿರಸ್ಕರಿಸಿದರು. ಹುಡುಗಿ ಬೆಂಗಳೂರಿಗೇ ಬಂದು ಸೇರಿಸಿಕೊಳ್ಳುವ ತನಕ ಬಿಡುವುದಿಲ್ಲ ಅಂತ ಹಟ ಹಿಡಿದಳು. ಗಾಂಧಿ ಕಾಲ, ಸತ್ಯಾಗ್ರಹ ಎಲ್ಲರಿಗೂ ಗೊತ್ತಿದ್ದ ವಿದ್ಯೆ. ಕೊನೆಗೆ ಷರತ್ತಿನ ಮೇಲೆ ಸೇರಿಸಿಕೊಂಡರು. ಮೊದಲ ವರ್ಷ ಅವಳನ್ನು ರೆಗ್ಯುಲರ್ ವಿದ್ಯಾರ್ಥಿ ಅಂತ ಲೆಕ್ಕಕ್ಕೆ ಹಿಡಿಯುವುದಿಲ್ಲ. ಗುರುಗಳು ಹೇಳಿದರೆ ರಾತ್ರಿಯೂ ಕೆಲಸ ಮಾಡಬೇಕು. ತನ್ನ ಇರುವಿಕೆಯಿಂದ ಪ್ರಯೋಗಾಲಯದ ವಾತಾವರಣ ಕೆಡಿಸಬಾರದು.

ಕೊನೆಯ ಷರತ್ತನ್ನು ಇನ್ನೊಂದು ಸಲ ಓದಿ.

ಶ್ರೀನಿವಾಸಯ್ಯ ಎಂಬ ಗುರುಗಳ ಕೈಕೆಳಗೆ ಆಕೆ ಹಾಲು, ಬೇಳೆಕಾಳುಗಳ ಪ್ರೋಟೀನಿನ ಮೇಲೆ ಕೆಲಸ ಮಾಡಿದರು. ವರ್ಷ ಕಳೆಯಿತು, ರಾಮನ್ ಒಪ್ಪಿದರು. ಆಮೇಲೆ ಬೇರೆ ಹುಡುಗಿಯರಿಗೂ ಬಾಗಿಲು ತೆರೆಯಿತು. ಕಮಲಾ ಮುಂದೆ ವಿದ್ಯಾರ್ಥಿವೇತನದ ಮೇಲೆ ಕೇಂಬ್ರಿಡ್ಜಿಗೆ ಹೋಗಿ 1939ರಲ್ಲಿ ಪಿಎಚ್‌ಡಿ ಪಡೆದರು. ಮದುವೆಯಾದ ಮೇಲೆ ಕಮಲಾ ಸೊಹೊನಿ ಎಂಬ ಹೆಸರಿನಿಂದ ಹೆಸರಾದವರು ಅವರೇ.

ಅವರಿಗೆ ಸಿಕ್ಕ ನೆರವುಗಳಲ್ಲಿ ಒಂದು ಅಮೆರಿಕದ ಪದವೀಧರ ಮಹಿಳೆಯರ ಸಂಘದ ಪ್ರವಾಸ ಫೆಲೋಶಿಪ್. ಈ ಸಂಘದ ಬಗ್ಗೆ ಎರಡು ಮಾತು. 1881ರಲ್ಲಿ ಡಿಗ್ರಿ ಓದಿದ ಹೆಂಗಸರು ಸೇರಿ ಕಟ್ಟಿದ ಕೂಟ ಇದು. ಡಿಗ್ರಿಯೇನೋ ಆಯಿತು, ಮುಂದಿನ ಓದಿಗೆ ಹೆಣ್ಣಿಗೆ ದುಡ್ಡು ಕೊಡುವವರಿಲ್ಲ ಅಂತ ಅರ್ಥವಾದಾಗ 1890ರ ಹೊತ್ತಿಗೆ ತಾವೇ ಫೆಲೋಶಿಪ್ ಕೊಡಲು ಶುರುಮಾಡಿದರು. ನಮ್ಮ ಸ್ತ್ರೀಶಕ್ತಿ ಸಂಘದವರು ತಮ್ಮ ಉಳಿತಾಯದಲ್ಲಿ ತಮ್ಮಲ್ಲೇ ಒಬ್ಬಳಿಗೆ ಸಾಲ ಕೊಡುವ ಹಾಗೆ, ಆದರೆ ವಾಪಸ್ ಕಟ್ಟುವ ಹಾಗಿಲ್ಲ. ಲೆವಿ ಬಾರ್ಬೋರ್ ಥರದ ದೊಡ್ಡ ಸಾಹುಕಾರರಿಗಿಂತ ನಮಗೆ ಈ ಹೆಂಗಸರ ಲೆಕ್ಕದ ಪುಸ್ತಕದ ಮೇಲೇ ಪ್ರೀತಿ ಜಾಸ್ತಿ.

ಕಮಲಾ ತೆರೆದ ಬಾಗಿಲಲ್ಲಿ ಮುಂದೆ ಒಳಗೆ ಬಂದವರು ಅನ್ನಾ ಮಣಿ. ತಿರುವಾಂಕೂರಿನ ಹುಡುಗಿ. ಎಂಟನೇ ಹುಟ್ಟುಹಬ್ಬಕ್ಕೆ ಮನೆಯವರು ವಾಡಿಕೆಯಂತೆ ವಜ್ರದ ಓಲೆ ಕೊಡಲು ಬಂದರೆ, ಅದು ಬೇಡ, ವಿಶ್ವಕೋಶದ ಪುಸ್ತಕಗಳು ಬೇಕು ಅಂದವಳು. 1940ರಲ್ಲಿ ಸಂಶೋಧನಾ ವೇತನ ಸಿಕ್ಕಿ ಬೆಂಗಳೂರಿಗೆ ಬಂದು ರಾಮನ್ ಅವರ ಕೈಕೆಳಗೇ ಕೆಲಸ ಮಾಡಿದರು. ಏನರ ಮೇಲೆ ಗೊತ್ತಾ? ವಜ್ರಗಳ ಮೇಲೆ! ವಜ್ರ ಬೆಳಕನ್ನು ಹೇಗೆ ಹೀರುತ್ತದೆ, ಹೇಗೆ ಹೊರಸೂಸುತ್ತದೆ ಅಂತ ಫೋಟೋ ತಟ್ಟೆಯಲ್ಲಿ ಹಿಡಿಯಲು ಹದಿನೈದು ಇಪ್ಪತ್ತು ಗಂಟೆ ಕಾಯಬೇಕಿತ್ತು. ಎಷ್ಟೋ ರಾತ್ರಿ ಅಲ್ಲೇ ಕಳೆದವು.

ಐದು ಪ್ರಬಂಧಗಳನ್ನು ಒಬ್ಬರೇ ಬರೆದರು. 1945ರಲ್ಲಿ ಪಿಎಚ್‌ಡಿಗೆ ಅಂತ ಮದ್ರಾಸ್ ವಿಶ್ವವಿದ್ಯಾಲಯಕ್ಕೆ ಪ್ರಬಂಧ ಸಲ್ಲಿಸಿದರು. ವಿಶ್ವವಿದ್ಯಾಲಯ ಪದವಿ ಕೊಡಲಿಲ್ಲ. ಕಾರಣ, ಎಂಎಸ್ಸಿ ಆಗಿಲ್ಲ. ಆನರ್ಸ್ ಪದವಿ ಇದೆ, ಅದರ ಮೇಲೇ ಸಂಶೋಧನಾ ವೇತನ ಸಿಕ್ಕಿದೆ, ಐದು ವರ್ಷ ಕೆಲಸ ಆಗಿದೆ, ಯಾವುದೂ ಲೆಕ್ಕಕ್ಕೆ ಬರಲಿಲ್ಲ. ದುಡ್ಡು ಕೊಡುವಾಗ ಅಡ್ಡ ಬರದ ಕಾಗದ ಪದವಿ ಕೊಡುವಾಗ ಅಡ್ಡ ಬಂತು. ಆ ಪ್ರಬಂಧ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ಗ್ರಂಥಾಲಯದಲ್ಲಿ ಉಳಿದುಕೊಂಡಿದೆ.

ಅದೇ ವರ್ಷ ಸರ್ಕಾರದ ವಿದ್ಯಾರ್ಥಿವೇತನದ ಮೇಲೆ ಇಂಗ್ಲೆಂಡಿಗೆ ಹೊರಟರು. ಭೌತವಿಜ್ಞಾನ ಮಾಡುವ ಆಸೆ. ಖಾಲಿ ಇದ್ದದ್ದು ಹವಾಮಾನ ಉಪಕರಣಗಳ ತರಬೇತಿಯ ಜಾಗ. ಸಿಕ್ಕಿದ್ದನ್ನೇ ಹಿಡಿದರು. 1948ರಲ್ಲಿ ವಾಪಸ್ ಬಂದು ಪುಣೆಯ ಹವಾಮಾನ ಇಲಾಖೆ ಸೇರಿದರು. ಮಳೆ, ಗಾಳಿ, ಬಿಸಿಲು ಅಳೆಯುವ ಉಪಕರಣಗಳನ್ನು ನಮ್ಮ ದೇಶದಲ್ಲೇ ಮಾಡುವ ಕೆಲಸಕ್ಕೆ ಕೈ ಹಾಕಿದರು. ಎಲ್ಲಿ ಎಷ್ಟು ಗಾಳಿ ಬೀಸುತ್ತದೆ ಅಂತ ಅಳೆಯುವ ಕೆಲಸದಲ್ಲೂ ಅವರು ಮುಂದಾಳು. ಚಿತ್ರದುರ್ಗ, ಗದಗದ ಗುಡ್ಡದ ಮೇಲೆ ಗಾಳಿಯಂತ್ರ ತಿರುಗುವುದನ್ನು ಬಸ್ಸಿನ ಕಿಟಕಿಯಿಂದ ನೋಡಿದಾಗ ಇವರ ನೆನಪಾಗಲಿ. ಹೆಸರಿನ ಮುಂದೆ ಡಾಕ್ಟರ್ ಮಾತ್ರ ಸಿಗಲಿಲ್ಲ.

ಈಗ ನಂಜನಗೂಡಿಗೆ ಬರೋಣ.

ರಾಜೇಶ್ವರಿ ಹುಟ್ಟಿದ್ದು 1922ರಲ್ಲಿ. ತಂದೆ ಬಿ.ಎಂ. ಶಿವರಾಮಯ್ಯ ನಂಜನಗೂಡಿನಲ್ಲಿ ವಕೀಲರಾಗಿದ್ದವರು. ಕಥೆಯ ಬೇರು ಮಾತ್ರ ಅಜ್ಜಿಯಲ್ಲಿದೆ. ಅಜ್ಜಿ ಕಮಲಮ್ಮ ದಾಸಪ್ಪ ಮೈಸೂರು ಸಂಸ್ಥಾನದ ಮೊದಮೊದಲ ಮಹಿಳಾ ಪದವೀಧರರಲ್ಲಿ ಒಬ್ಬರು. ವಿಧವೆಯರು, ಗಂಡ ಬಿಟ್ಟವರು ಓದಬೇಕು ಅಂತ ದುಡಿದವರು. ಬೆಂಗಳೂರಿನ ಮಹಿಳಾ ಸೇವಾ ಸಮಾಜದ ಶಾಲೆಯಲ್ಲೇ ಮೊಮ್ಮಗಳ ಮೊದಲ ಪಾಠ. ರಾಜೇಶ್ವರಿಗೆ ಇತಿಹಾಸ ಓದುವ ಆಸೆಯೂ ಇತ್ತಂತೆ. ಆದರೆ ಗಣಿತ ಗೆದ್ದಿತು. ಸೆಂಟ್ರಲ್ ಕಾಲೇಜಿನಲ್ಲಿ ಗಣಿತದ ಎಂಎಸ್ಸಿ, ಮೈಸೂರು ವಿಶ್ವವಿದ್ಯಾಲಯಕ್ಕೆ ಮೊದಲ ರ‍್ಯಾಂಕು, ಮುಮ್ಮಡಿ ಕೃಷ್ಣರಾಜ ಒಡೆಯರ್ ಪ್ರಶಸ್ತಿ.

ರಾಮನ್ ಅವರ ಬಳಿ ಸಂಶೋಧನೆ ಮಾಡುತ್ತೇನೆ ಅಂತ ಕೇಳಿದರು. ಭೌತವಿಜ್ಞಾನದ ಪದವಿ ಇಲ್ಲ ಅಂತ ಅವರು ಸೇರಿಸಿಕೊಳ್ಳಲಿಲ್ಲ. 1943ರಲ್ಲಿ ಅದೇ ವಿಜ್ಞಾನ ಸಂಸ್ಥೆಯ ವಿದ್ಯುತ್ ವಿಭಾಗಕ್ಕೆ ಸೇರಿ ಸಂಪರ್ಕ ತಂತ್ರಜ್ಞಾನದ ಕೆಲಸ ಶುರುಮಾಡಿದರು. ಗಣಿತದವರು ಎಂಜಿನಿಯರಿಂಗಿಗೆ ಬಂದದ್ದು ಹೀಗೆ.

ಯುದ್ಧ ಮುಗಿಯಿತು. 1946ರಲ್ಲಿ ದೆಹಲಿ ಸರ್ಕಾರ ಜಾಣ ಮಕ್ಕಳನ್ನು ಆರಿಸಿ ವಿದೇಶಕ್ಕೆ ಕಳಿಸುವ ವಿದ್ಯಾರ್ಥಿವೇತನ ಕೊಟ್ಟಿತು. ಆ ಪಟ್ಟಿಯಲ್ಲಿ ರಾಜೇಶ್ವರಿ ಹೆಸರು. 1947ರ ಜುಲೈನಲ್ಲಿ ಹಡಗು ಹತ್ತಿದರು. ಇಪ್ಪತ್ತೈದು ವರ್ಷದ, ಮದುವೆಯಾಗದ ಹುಡುಗಿ. ಯುದ್ಧಕಾಲದಲ್ಲಿ ಸೈನಿಕರನ್ನು ಸಾಗಿಸುತ್ತಿದ್ದ ಹಡಗು ಅದು. ತಿಂಗಳು ಹಿಡಿಯಿತು ಅಮೆರಿಕದ ದಡ ಸೇರಲು. ಇಲ್ಲಿ ದೇಶಕ್ಕೆ ಸ್ವಾತಂತ್ರ್ಯ ಬರುವ ಹೊತ್ತಿನ ಪ್ರಯಾಣ.

ಹೋದದ್ದು ಮಿಷಿಗನ್‌ಗೆ, ಅದೇ ಆನ್ ಆರ್ಬರ್‌ಗೆ. ಸ್ನಾತಕೋತ್ತರ ಪದವಿ ಮುಗಿಯಿತು. ವಾಷಿಂಗ್ಟನ್ನಿನಲ್ಲಿ ಎಂಟು ತಿಂಗಳು ರೇಡಿಯೋ ಅಲೆಗಳನ್ನು ಅಳೆಯುವ ತರಬೇತಿಯೂ ಆಯಿತು. ಡಾಕ್ಟರೇಟ್ ಮಾತ್ರ ಬಾಕಿ. ಅಲ್ಲಿಗೆ ಕೈ ಕೊಟ್ಟದ್ದು ಬಾರ್ಬೋರ್ ಸ್ಕಾಲರ್‌ಶಿಪ್. 1949ರಲ್ಲಿ ಅದು ಸಿಕ್ಕಿ ಮತ್ತೆ ಆನ್ ಆರ್ಬರ್‌ಗೆ ಹೋದರು. ಆ ದುಡ್ಡು ಇಟ್ಟ ಲೆವಿ ಬಾರ್ಬೋರ್ 1925ರಲ್ಲೇ ತೀರಿಹೋಗಿದ್ದರು. ಶುರುವಿನ ಓದಿಗೆ ಅಜ್ಜಿಯ ಶಾಲೆ, ನಡುವೆ ನಮ್ಮ ಸರ್ಕಾರ, ಕೊನೆಗೆ ಯಾರೋ ಪರದೇಶದ ವಕೀಲರು ಇಟ್ಟುಹೋದ ಗಂಟು. ಒಂದು ಕೈ ಬಿಟ್ಟಿದ್ದರೂ ಓದು ಅರ್ಧಕ್ಕೆ ನಿಲ್ಲುತ್ತಿತ್ತು ಅಂತ ನಮ್ಮ ಅನಿಸಿಕೆ.

1953ರಲ್ಲಿ ಡಾಕ್ಟರೇಟ್ ಪಡೆದು ಬೆಂಗಳೂರಿಗೆ ವಾಪಸ್ ಬಂದರು. ವಿಜ್ಞಾನ ಸಂಸ್ಥೆಯಲ್ಲಿ ಅಧ್ಯಾಪಕಿಯಾದರು, ಅಲ್ಲೇ ಅಧ್ಯಾಪಕರಾಗಿದ್ದ ಶಿಶಿರ್ ಕುಮಾರ್ ಚಟರ್ಜಿಯವರನ್ನು ಮದುವೆಯಾದರು. ಇಬ್ಬರೂ ಸೇರಿ ಮೈಕ್ರೋವೇವ್ ಪ್ರಯೋಗಾಲಯ ಕಟ್ಟಿದರು. ರಾಡಾರು, ವಿಮಾನದ ಆಂಟೆನಾ ಎಲ್ಲಕ್ಕೂ ಬೇಕಾದ ವಿದ್ಯೆ ಅದು. ಇಪ್ಪತ್ತು ಜನ ಅವರ ಕೈಕೆಳಗೆ ಪಿಎಚ್‌ಡಿ ಮಾಡಿದರು. 1982ರಲ್ಲಿ ನಿವೃತ್ತಿ, 2010ರಲ್ಲಿ ನಿಧನ. ಕರ್ನಾಟಕದ ಮೊದಲ ಮಹಿಳಾ ಎಂಜಿನಿಯರ್ ಅಂತ ಈಗ ಪುಸ್ತಕಗಳಲ್ಲಿ ಓದುತ್ತೇವೆ. ನಂಜನಗೂಡಿನ ಬಸ್ ಸ್ಟ್ಯಾಂಡಿನಲ್ಲಿ ನಿಂತು ಹತ್ತು ಜನರನ್ನು ಕೇಳಿ ನೋಡಿದೆವು. ಒಬ್ಬರಿಗೂ ಹೆಸರು ಗೊತ್ತಿರಲಿಲ್ಲ. ಅದರಲ್ಲಿ ಅವರ ತಪ್ಪೇನಿದೆ, ಡಿಪ್ಲೊಮಾ ಓದುವಾಗ ನಮಗೂ ಗೊತ್ತಿರಲಿಲ್ಲ.

ಹುಳು ಮನೆಯ ಬಾಗಿಲಲ್ಲಿ ಇಷ್ಟು ಹೇಳುವಾಗ ಹುಡುಗಿಯ ಅಮ್ಮ ಸೊಪ್ಪಿನ ಬುಟ್ಟಿ ಇಳಿಸಿ ಒಂದೇ ಪ್ರಶ್ನೆ ಕೇಳಿದರು. "ಆಯಮ್ಮ ವಾಪಸ್ ಬಂದ್ರಲ್ಲ?" ಬಂದರು ಅಂದೆವು. ಅಪ್ಪ ಮಾತ್ರ ತಮ್ಮ ಪ್ರಶ್ನೆ ಬಿಡಲಿಲ್ಲ. "ಅದು ಆಗಿನ ಕಾಲ ಸಾರ್. ಈಗ ಎಷ್ಟು ಕೊಡ್ತಾರೆ?"

ಲೆಕ್ಕ ಹೇಳಿದೆವು. ಜೆಆರ್‌ಎಫ್ ಸಿಕ್ಕರೆ 2023ರ ಜನವರಿಯಿಂದ ನಿಗದಿಯಾದ ಹಾಗೆ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ಆಮೇಲೆ 42,000. ಬಾಡಿಗೆ ಭತ್ಯೆ ಬೇರೆ. ವಯಸ್ಸಿನ ಮಿತಿ 30. ಹೆಣ್ಣುಮಕ್ಕಳಿಗೆ ಐದು ವರ್ಷ ಸಡಿಲ. ಮದುವೆ, ಮಕ್ಕಳು ಅಂತ ಪ್ರಯೋಗಾಲಯ ಬಿಟ್ಟ ಹೆಂಗಸರನ್ನು ಮತ್ತೆ ಕರೆಯಲು ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ 2002ರ ಸುಮಾರಿಗೆ ಮಹಿಳಾ ವಿಜ್ಞಾನಿ ಯೋಜನೆ ತಂದಿತು. ಓದು ಒಂದೇ ಉಸಿರಿಗೆ ಮುಗಿಯುವುದಿಲ್ಲ, ನಡುವೆ ತೊಟ್ಟಿಲು ಬರುತ್ತದೆ ಅಂತ ಸರ್ಕಾರದ ಕಾಗದವೂ ಒಪ್ಪಿದ್ದು ಆಗ.

ಇನ್ನೊಂದಿದೆ, ಸಾವಿತ್ರಿಬಾಯಿ ಜ್ಯೋತಿರಾವ್ ಫುಲೆ ಹೆಸರಿನಲ್ಲಿ ಯುಜಿಸಿ ಕೊಡುವ ಫೆಲೋಶಿಪ್. ಪಿಎಚ್‌ಡಿ ಮಾಡುವ ಹೆಣ್ಣುಮಕ್ಕಳಿಗೇ ಮೀಸಲು. ಅದನ್ನು ಹೇಳಿದಾಗ ಹುಡುಗಿ ನಕ್ಕಳು. ಅವಳು ಆಗಲೇ ನೋಡಿದ್ದಳು. ಅದು ಒಂಟಿ ಹೆಣ್ಣುಮಗುವಿಗೆ. ಅಣ್ಣ ತಮ್ಮ ಇದ್ದರೆ ಇಲ್ಲ. "ನಂಗೆ ಅಣ್ಣ ಅವ್ನಲ್ಲ ಸಾರ್" ಅಂದಳು.

ನಮಗೆ ಅಲ್ಲೇ ಸಿಟ್ಟು ಬಂತು. ಒಬ್ಬಳೇ ಮಗಳಿಗೆ ಸಾಕು ಅಂದ ಅಪ್ಪ ಅಮ್ಮನಿಗೆ ಬೆನ್ನು ತಟ್ಟುವುದು ಒಳ್ಳೆಯದೇ. ಆದರೆ ನಮ್ಮ ಹಳ್ಳಿಗಳಲ್ಲಿ ಓದಿನ ದುಡ್ಡು ಸಾಲದೆ ಬರುವುದು ಯಾವ ಮನೆಯಲ್ಲಿ? ಅಣ್ಣನ ಫೀಸೂ ತಂಗಿಯ ಫೀಸೂ ಒಂದೇ ತಿಂಗಳಲ್ಲಿ ಬಂದು ನಿಲ್ಲುವ ಮನೆಯಲ್ಲಿ. ಅಲ್ಲಿ ಯಾರ ಫೀಸು ಮೊದಲು ಕಟ್ಟುತ್ತಾರೆ ಅಂತ ಎಲ್ಲರಿಗೂ ಗೊತ್ತು. ಕಮಲಾಗೆ ವಾತಾವರಣ ಕೆಡಿಸಬಾರದು ಎಂಬ ಷರತ್ತಿತ್ತು, ಅನ್ನಾ ಮಣಿಗೆ ಎಂಎಸ್ಸಿ ಕಾಗದ, ಇವಳಿಗೆ ಅಣ್ಣ.

ಹುಡುಗಿ ಮತ್ತೆ ನೆಟ್ ಕಟ್ಟಿದ್ದಾಳೆ. ಹಾಲ್ ಟಿಕೆಟ್ ಬಂದಿದೆ, ಸೆಂಟರು ಮೈಸೂರು. ಮೊನ್ನೆ ಫೋನ್ ಮಾಡಿದಾಗ ಹೇಳಿದಳು, ಪರೀಕ್ಷೆ ಬಿದ್ದಿರುವುದು ಗೂಡು ಬಿಡಿಸಿ ಮಾರ್ಕೆಟ್ಟಿಗೆ ಹಾಕುವ ದಿನವೇ ಅಂತೆ. ಅಪ್ಪ ಗೂಡಿನ ಜೊತೆ ಅಣ್ಣನನ್ನು ರಾಮನಗರಕ್ಕೆ ಕಳಿಸಿ, ತಾವು ಬೆಳಗಿನ ಐದೂವರೆ ಬಸ್ಸಿಗೆ ಮಗಳ ಜೊತೆ ಮೈಸೂರಿಗೆ ಹೋಗುತ್ತಾರಂತೆ.